ತಳಿ ಆಮೇಲೆ ನೋಡೋಣ, ಮೊದಲು ಮರಿಯ ತುಟಿ ಎತ್ತಿ ಒಸಡು ನೋಡಿ

ಈ ನಾಯಿಮರಿ ಯಾವ ತಳಿ ಅನ್ನುವ ನಿಮ್ಮ ಪ್ರಶ್ನೆ ಓದಿ ಎದೆ ಧಸಕ್ ಅಂತು. ಒಂದೂವರೆ ತಿಂಗಳ ಮರಿ, ಪಕ್ಕೆಲುಬು ಎಣಿಸಬಹುದು, ಕಾಲು ಉದ್ದ, ಮೂತಿ ಚೂಪು. ನೋಡಿದವರು ಮುಧೋಳ, ಅಂದರೆ ಬಾಗಲಕೋಟೆ ಕಡೆಯ ತೆಳ್ಳನೆ ಬೇಟೆನಾಯಿ ತಳಿ, ಇರಬಹುದು ಅಂತಾರೆ. ತಳಿ ಗೊತ್ತಾದರೆ ಅದಕ್ಕೆ ತಕ್ಕ ಊಟ ಹಾಕ್ತೀವಿ, ಇಟ್ಟುಕೊಳ್ಳೋದಾ ಬೇಡವಾ ಅಂತಲೂ ಆಗ ಯೋಚನೆ ಮಾಡ್ತೀವಿ ಅಂದಿದ್ದೀರಿ. ಏಳು ವರ್ಷದ ಹಿಂದೆ ನಾನೂ ಇದೇ ಮಾತು ಆಡುತ್ತಿದ್ದೆ.

ನಮ್ಮೂರು ದಾವಣಗೆರೆ. 2018ರ ಡಿಸೆಂಬರ್. ಮಂಡಕ್ಕಿ ಭಟ್ಟಿಗಳ ಕಡೆ ಒಬ್ಬರ ಮನೆಗೆ ಬ್ಲೌಸ್ ಕೊಟ್ಟು ಬರಲು ಹೋಗಿದ್ದೆ, ನಾನು ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ಒಂದು ಭಟ್ಟಿಯ ಹಿಂದೆ ಬೂದಿಯ ಗುಡ್ಡೆ. ಬೆಳಿಗ್ಗೆ ಸುರಿದ ಬೂದಿ, ಇನ್ನೂ ಬೆಚ್ಚಗಿತ್ತು. ಅದರೊಳಗೆ ಎರಡು ಮರಿ ಮುದುಡಿಕೊಂಡು ಮಲಗಿದ್ದವು. ಮೈಯೆಲ್ಲ ಬೂದಿ, ಕಣ್ಣು ಮಾತ್ರ ಕಾಣುತ್ತಿತ್ತು. ಭಟ್ಟಿಯ ಚಾಚಾ ಹೇಳಿದರು, "ತಾಯಿ ಲಾರಿ ಅಡಿ ಸಿಕ್ಕಿ ಹೋಯ್ತಮ್ಮ. ಐದಿದ್ವು, ಎರಡು ಉಳಿದಾವೆ. ತಗೊಂಡ್ ಹೋಗು, ಪುಣ್ಯ ಬರ್ತದೆ." ಬಟ್ಟೆ ತಂದಿದ್ದ ಚೀಲದಲ್ಲೇ ಎರಡನ್ನೂ ಹಾಕಿಕೊಂಡು ಬಂದೆ.

ಮಗಳಿಗೆ ಆಗ ಎಂಟು ವರ್ಷ. ಭಟ್ಟಿಯಲ್ಲಿ ಸಿಕ್ಕಿದ್ದಕ್ಕೆ ಬಿಳಿ ಹೆಣ್ಣು ಮರಿಗೆ ಮಂಡಕ್ಕಿ ಅಂತ, ಕೆಂದು ಗಂಡು ಮರಿಗೆ ಮಿರ್ಚಿ ಅಂತ ಹೆಸರಿಟ್ಟಳು. ದಾವಣಗೆರೆಯಲ್ಲಿ ಇವೆರಡನ್ನು ಬೇರೆ ಮಾಡೋದುಂಟಾ?

ಆ ಸಂಜೆ ಮಾಡಿದ ಸಣ್ಣ ತಪ್ಪುಗಳನ್ನು ಬೇಗ ಹೇಳಿಬಿಡುತ್ತೇನೆ. ಬೆಚ್ಚಗಿನ ಬೂದಿಯಿಂದ ಎತ್ತಿ ತಂದವರನ್ನು ತಣ್ಣನೆ ಸಿಮೆಂಟ್ ನೆಲದ ಮೇಲೆ ಬಿಟ್ಟೆ. ಸಣಕಲು ಮರಿಗೆ ಮೈಯಲ್ಲಿ ಕೊಬ್ಬೇ ಇರೋದಿಲ್ಲ, ಕಾವು ಹಿಡಿದಿಟ್ಟುಕೊಳ್ಳಲು ಆಗೋದಿಲ್ಲ. ಮೈ ತಣ್ಣಗಿರುವ ಮರಿಗೆ ತಿನ್ನಿಸಿದರೆ ಅದು ಅರಗೋದೂ ಇಲ್ಲ. ಬಾಟಲಿಗೆ ಬಿಸಿನೀರು ತುಂಬಿ ಟವೆಲ್ ಸುತ್ತಿ ಪಕ್ಕದಲ್ಲಿಟ್ಟು ಮೊದಲು ಬೆಚ್ಚಗೆ ಮಾಡಬೇಕಿತ್ತು. ಎರಡನೆಯದು, ಹಸಿದಿವೆ ಪಾಪ ಅಂತ ಒಂದು ಬಟ್ಟಲು ಹಸುವಿನ ಹಾಲು ಇಟ್ಟೆ. ನಾಯಿಯ ಹಾಲು ಹಸುವಿನ ಹಾಲಿಗಿಂತ ತುಂಬಾ ಗಟ್ಟಿ, ಅದರಲ್ಲಿ ಕೊಬ್ಬು, ಪ್ರೋಟೀನ್ ಜಾಸ್ತಿ, ಹಾಲಿನ ಸಕ್ಕರೆ ಕಡಿಮೆ. ಹಸುವಿನ ಹಾಲು ಬಹಳ ಮರಿಗಳಿಗೆ ಭೇದಿ ತರಿಸುತ್ತದೆ. ಇವಕ್ಕೂ ರಾತ್ರಿಯೆಲ್ಲ ಭೇದಿ. ಇವನ್ನು ಮರುದಿನವೇ ಸರಿ ಮಾಡಿಕೊಂಡೆವು.

ಸರಿ ಮಾಡಿಕೊಳ್ಳಲು ಆಗದ್ದು ಬೇರೆ.

ಮೈ ಒರೆಸಿದ ಮೇಲೆ ಮಂಡಕ್ಕಿ ನೋಡಲು ಎಷ್ಟು ಚಂದ ಇದ್ದಳು ಗೊತ್ತಾ? ಉದ್ದ ಕಾಲು, ಒಳಗೆ ಹೋದ ಹೊಟ್ಟೆ, ಉದ್ದನೆ ತೆಳ್ಳನೆ ಮುಖ. ಮಿರ್ಚಿ ಹಾಗಿರಲಿಲ್ಲ, ಅವನ ಹೊಟ್ಟೆ ಡೋಲಿನ ಹಾಗೆ ಉಬ್ಬಿತ್ತು. ಎದುರು ಮನೆಯ ಅಂಕಲ್ ರಿಟೈರ್ಡ್ ಕಂಡಕ್ಟರ್, ಬಾಗಲಕೋಟೆ ರೂಟಿನಲ್ಲಿ ವರ್ಷಗಟ್ಟಲೆ ಓಡಾಡಿದವರು. ಮಂಡಕ್ಕಿಯನ್ನು ನೋಡಿದ್ದೇ, "ಇದು ಪಕ್ಕಾ ಮುಧೋಳ ಕಣಮ್ಮ" ಅಂದರು. ಮುಧೋಳ ನಾಯಿ 2005ರಲ್ಲಿ ಅಂಚೆ ಚೀಟಿ ಮೇಲೆ ಬಂದದ್ದು, ಸೈನ್ಯಕ್ಕೆ ಸೇರಿದ್ದು, ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಅದಕ್ಕೆಂದೇ ಸರ್ಕಾರದ ಕೇಂದ್ರ ಇರುವುದು, ಎಲ್ಲ ಹೇಳಿದರು. "ಆ ತಳಿನೇ ಹಂಗೆ, ಪಕ್ಕೆಲುಬು ಕಾಣ್ತಾನೇ ಇರ್ತಾವೆ. ಸಣ್ಣ ಇದೆ ಅಂತ ತಲೆ ಕೆಡಿಸ್ಕೋಬೇಡ." ಅವರು ಕೆಟ್ಟದ್ದಕ್ಕೆ ಹೇಳಿದ್ದಲ್ಲ. ಕೇಳಿ ನನಗೂ ಖುಷಿಯಾಯಿತು. ಬೂದಿ ಗುಡ್ಡೆಯಿಂದ ರಾಜಮನೆತನದವರು ಸಾಕಿದ ತಳಿ ಸಿಕ್ಕಿತು ಅಂತ ಫೋಟೊ ತೆಗೆದು ತಂಗಿಗೆ ಕಳಿಸಿದೆ.

ಮೂರನೇ ದಿನ, ಸೋಮವಾರ, ಮಿರ್ಚಿಯನ್ನು ದನದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅವನೊಬ್ಬನನ್ನೇ. ಸ್ಕೂಟಿಯಲ್ಲಿ ಬುಟ್ಟಿ ಇಟ್ಟುಕೊಂಡು ಒಂದನ್ನು ಒಯ್ಯೋದು ಸುಲಭ, ಮಂಡಕ್ಕಿ ಹೇಗೂ ಚೆನ್ನಾಗಿದ್ದಾಳೆ, ಮಲಗಿದ್ದಾಳೆ ಅಂತ. ಡಾಕ್ಟರ್ ಅವನ ಬಾಯಿ ತೆರೆದು ಹಲ್ಲು ನೋಡಿದರು. ಹಾಲು ಹಲ್ಲು ಹೆಚ್ಚುಕಡಿಮೆ ಎಲ್ಲ ಬಂದಿವೆ, ಆರು ವಾರ ಆಗಿರಬೇಕು ಅಂದರು. ಹೊಟ್ಟೆ ಮುಟ್ಟಿ ನೋಡಿ ಜಂತುಹುಳ ಅಂದರು. ತೂಕ ಮಾಡಿ, ತೂಕಕ್ಕೆ ತಕ್ಕಂತೆ ಪೈರಾಂಟೆಲ್ ಅನ್ನುವ ಹುಳದ ಔಷಧಿ ಇರುವ ಸಿರಪ್ ಕುಡಿಸಿದರು. ಆಮೇಲೆ ಕೇಳಿದರು, "ಇದರ ಜೊತೆಯವು?"

"ಇನ್ನೊಂದಿದೆ ಸರ್, ಅದು ಹುಷಾರಾಗಿದೆ. ಅದು ಮುಧೋಳ ತಳಿ, ಅದಕ್ಕೇ ಸಣ್ಣ ಇದೆ."

"ತಳಿ ಆಮೇಲೆ ನೋಡೋಣಮ್ಮ. ಅದರ ಒಸಡು ಕೆಂಪಗಿದೆಯಾ?"

"ಹೂಂ ಸರ್, ಇದೆ" ಅಂದೆ.

ನಾನು ನೋಡಿರಲಿಲ್ಲ.

ಈ ಒಂದು ಮಾತಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಸುಳ್ಳು ಹೇಳಬೇಕು ಅಂತ ಹೇಳಿದ್ದಲ್ಲ. ಅವಳ ಮೂಗಿನ ತುದಿ ತಿಳಿ ಗುಲಾಬಿ ಬಣ್ಣದ್ದು. ಒಸಡು ಅಂದ ತಕ್ಷಣ ನನ್ನ ಕಣ್ಣ ಮುಂದೆ ಬಂದದ್ದು ಆ ಮೂಗು. ಬಿಳಿ ಮರಿಗಳಲ್ಲಿ ಮೂಗಿಗೆ ಕಪ್ಪು ಬಣ್ಣ ಇನ್ನೂ ಪೂರ್ತಿ ಬಂದಿರದೆ ಹಾಗೆ ಕಾಣುತ್ತದೆ, ರಕ್ತ ಎಷ್ಟಿದೆ ಅಂತ ಅದರಿಂದ ತಿಳಿಯೋದಿಲ್ಲ. ಇದು ನನಗೆ ಆಮೇಲೆ ಗೊತ್ತಾಯಿತು. ಆ ಹೊತ್ತಿನಲ್ಲಿ ನೋಡಿಲ್ಲ ಸರ್ ಅಂತ ಎರಡು ಪದ ಹೇಳಬಹುದಿತ್ತು. ನನ್ನ ಹಿಂದೆ ಎಮ್ಮೆ ಕರು ಹಿಡಿದುಕೊಂಡು ಒಬ್ಬರು ನಿಂತಿದ್ದರು, ಮಗಳನ್ನು ಸ್ಕೂಲಿಂದ ಕರೆತರುವ ಹೊತ್ತಾಗಿತ್ತು, ಹೂಂ ಅಂದುಬಿಟ್ಟೆ. ಡಾಕ್ಟರ್ ಆದರೂ ಬಿಡಲಿಲ್ಲ, "ನಾಳೆ ಅದನ್ನೂ ಕರ್ಕೊಂಡು ಬನ್ನಿ" ಅಂದರು. ಮಂಗಳವಾರ ಒಂದು ಮದುವೆಯ ಬ್ಲೌಸ್‌ಗಳು. ಬುಧವಾರವೂ ಅದೇ. ಮಂಡಕ್ಕಿ ಸದ್ದಿಲ್ಲದೆ ಮಲಗಿರುತ್ತಿದ್ದಳು, ಎಷ್ಟು ಸಾಧು ಅಂತ ನಾವೆಲ್ಲ ಹೊಗಳಿದೆವು. ಆರು ವಾರದ ಮರಿ ಸಾಧುವಾಗಿ ಇರಬಾರದು. ಅದು ಕಚ್ಚಬೇಕು, ಚಪ್ಪಲಿ ಎಳೆಯಬೇಕು. ಮಿರ್ಚಿ ಎಳೆಯುತ್ತಿದ್ದ.

ಗುರುವಾರ ಬೆಳಿಗ್ಗೆ ಅವಳು ಏಳಲಿಲ್ಲ. ಹಾಸಿದ್ದ ಚೀಲದ ಮೇಲೆ ಕಪ್ಪಗೆ, ಟಾರಿನ ಹಾಗೆ ಅಂಟಂಟು ಮಲ. ಆಗ ತುಟಿ ಎತ್ತಿ ನೋಡಿದೆ. ಹಲ್ಲು ಯಾವುದು, ಒಸಡು ಯಾವುದು ಅಂತ ಬೇರೆ ಮಾಡಿ ಹೇಳಲು ಆಗದಷ್ಟು ಬಿಳಿ. ಬೆರಳಿಟ್ಟರೆ ತಣ್ಣಗಿತ್ತು.

ಕೊಕ್ಕೆಹುಳ. ಕರುಳಿಗೆ ಕಚ್ಚಿಕೊಂಡು ರಕ್ತ ಹೀರುವ ಹುಳ. ತಾಯಿಯ ಹಾಲಿನ ಜೊತೆಯೇ ಮರಿಗೆ ಬಂದಿರುತ್ತದೆ. ಕಚ್ಚಿದ ಜಾಗದಲ್ಲೂ ರಕ್ತ ಸೋರುತ್ತದೆ, ಅದಕ್ಕೇ ಮಲ ಕಪ್ಪಾಗೋದು. ಹೊಟ್ಟೆ ಉಬ್ಬಿಸುವ ಜಂತುಹುಳ ಕಣ್ಣಿಗೆ ಕಾಣುತ್ತದೆ, ಮಿರ್ಚಿಯನ್ನು ಉಳಿಸಿದ್ದು ಅವನ ಹೊಟ್ಟೆಯೇ. ಇದು ಹಾಗೆ ಕಾಣೋದಿಲ್ಲ. ಇಬ್ಬರಲ್ಲೂ ಎರಡೂ ಇದ್ದಿರಬೇಕು. ಒಬ್ಬನಿಗೆ ಔಷಧಿ ಸಿಕ್ಕಿತು, ಒಬ್ಬಳಿಗೆ ತಳಿಯ ಹೆಸರು ಸಿಕ್ಕಿತು.

ಡಾಕ್ಟರ್ ಬೈಯಲಿಲ್ಲ. ರಕ್ತ ಕೊಡಬೇಕು, ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಹೋಗಿ ಅಂತ ಚೀಟಿ ಬರೆದುಕೊಟ್ಟರು. ನಮ್ಮ ಮನೆಯವರು ಗೆಳೆಯರ ಓಮ್ನಿ ತಂದರು. ಎದುರು ಮನೆ ಅಂಕಲ್ ತಮ್ಮ ನಾಯಿಯನ್ನೂ ಹತ್ತಿಸಿಕೊಂಡು ಬಂದರು, ಅದರ ರಕ್ತ ಆಗಬಹುದೇನೋ ಅಂತ. ಹೊನ್ನಾಳಿ ದಾಟುವ ಮೊದಲೇ ಮಂಡಕ್ಕಿ ಹೋದಳು. ನನ್ನ ಮಡಿಲಲ್ಲಿದ್ದಳು, ಉಸಿರು ನಿಂತದ್ದು ತಕ್ಷಣ ಗೊತ್ತಾಗಲಿಲ್ಲ, ಅಷ್ಟು ಹಗುರ. ಹಿಂದಿನ ದಿನ ತೂಗಿದಾಗ ಒಂಬೈನೂರು ಗ್ರಾಂ ಇದ್ದಳು. ಸೋಮವಾರವೇ ಔಷಧಿ ಬಿದ್ದಿದ್ದರೆ ಉಳಿಯುತ್ತಿದ್ದಳಾ ಅಂತ ಡಾಕ್ಟರನ್ನು ಕೇಳಿದೆ. ಉಳಿಯುತ್ತಿದ್ದಳು ಅನ್ನಲಿಲ್ಲ, ಉಳಿಯುತ್ತಿರಲಿಲ್ಲ ಅಂತಲೂ ಅನ್ನಲಿಲ್ಲ.

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪೋದಿಲ್ಲ. ಹಸಿದ ಮರಿ ಯಾವುದೇ ಇರಲಿ, ಬೇಟೆನಾಯಿಯ ಹಾಗೆ ಕಾಣುತ್ತದೆ. ಕೆನ್ನೆಯ, ನೆತ್ತಿಯ ಮಾಂಸ ಕರಗಿದರೆ ಮುಖ ಉದ್ದ ಅನಿಸುತ್ತದೆ. ಹೊಟ್ಟೆ ಒಳಗೆ ಹೋದರೆ ಎದೆ ಆಳ ಅನಿಸುತ್ತದೆ. ಮೈ ಇಲ್ಲದೆ ಇದ್ದರೆ ಕಾಲು ಉದ್ದ ಅನಿಸುತ್ತದೆ. ಎರಡು ವರ್ಷದ ಮೇಲೆ ನೆಂಟರ ಮದುವೆಗೆ ಹೋದಾಗ ಲೋಕಾಪುರದ ಹತ್ತಿರ ಒಬ್ಬ ರೈತರ ಮನೆಯಲ್ಲಿ ನಿಜವಾದ ಮುಧೋಳ ಮರಿಗಳನ್ನು ನೋಡಿದೆ. ಆರು ವಾರದವು. ಉಂಡೆ ಉಂಡೆಯಾಗಿ, ಬೇರೆ ಯಾವ ನಾಯಿಮರಿಯ ಹಾಗೋ ಹಾಗೇ ಇದ್ದವು! ಆ ತೆಳು ಮೈಕಟ್ಟು ಬೆಳೆಯುತ್ತಾ ಬರೋದು. ಅಲ್ಲೇ ಅತ್ತುಬಿಟ್ಟೆ, ಆ ಮನೆಯವರಿಗೆ ಏನೂ ಅರ್ಥವಾಗಲಿಲ್ಲ.

ಆರು ವಾರದ ಮರಿಗೆ ಪಕ್ಕೆಲುಬು ಎದ್ದು ಕಾಣುತ್ತಿದ್ದರೆ ಅದಕ್ಕೆ ತಳಿ ಕಾರಣ ಅಲ್ಲ. ಇನ್ನು ಊಟ. ಈ ವಯಸ್ಸಿನಲ್ಲಿ ಮುಧೋಳಕ್ಕೆ ಒಂದು, ಬೀದಿ ನಾಯಿಗೆ ಒಂದು ಅಂತ ಬೇರೆ ಬೇರೆ ಊಟ ಇಲ್ಲ. ತುಂಬಾ ದಿನ ಹಸಿದ ಹೊಟ್ಟೆಗೆ ಒಂದೇ ಸಲ ತುಂಬಿಸಬೇಡಿ, ರಕ್ತದಲ್ಲಿನ ಲವಣಗಳು ಏರುಪೇರಾಗಿ ಜೀವಕ್ಕೇ ಕುತ್ತು ಬರಬಹುದು. ಸ್ವಲ್ಪ ಸ್ವಲ್ಪ, ದಿನಕ್ಕೆ ಐದಾರು ಸಲ. ಮಿರ್ಚಿಗೆ ನಾನು ಮೆತ್ತಗೆ ಬೇಯಿಸಿದ ಅನ್ನಕ್ಕೆ ಬೇಯಿಸಿದ ಕೋಳಿ, ಇಲ್ಲವೇ ಮೊಟ್ಟೆ ಕಿವುಚಿ ಕೊಡುತ್ತಿದ್ದೆ, ಉಪ್ಪು ಈರುಳ್ಳಿ ಇಲ್ಲದೆ. ಚೇತರಿಸಿಕೊಂಡ ಮೇಲೆ ಡಾಕ್ಟರ್ ಹೇಳಿದ ಮರಿಗಳ ಫುಡ್. ಬಿಸ್ಕತ್ತು ಹಾಕಬೇಡಿ, ಹೊಟ್ಟೆ ತುಂಬುತ್ತದೆ ಅಷ್ಟೇ, ಮೈಗೆ ಹತ್ತೋದಿಲ್ಲ. ಜ್ವರ ಅಂತ ಮನೆಯಲ್ಲಿರುವ ಮಾತ್ರೆಯನ್ನಂತೂ ಕೊಡಲೇಬೇಡಿ.

ಹುಳದ ಔಷಧಿ ಒಂದು ಸಲಕ್ಕೆ ಮುಗಿಯೋದಿಲ್ಲ. ಕರುಳಿನಲ್ಲಿರುವ ಹುಳ ಸತ್ತರೂ ಮೈಯಲ್ಲಿರುವ ಮರಿಹುಳಗಳು ಮತ್ತೆ ಬೆಳೆದು ಬರುತ್ತವೆ. ಎರಡು ವಾರಕ್ಕೊಮ್ಮೆ ಮತ್ತೆ ಕುಡಿಸಬೇಕು, ಎಷ್ಟು ಸಲ ಅಂತ ಡಾಕ್ಟರ್ ಹೇಳುತ್ತಾರೆ. ನಿಮ್ಮ ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ ಅಂದಿರಲ್ಲ, ಮರಿ ಮಲ ಮಾಡುವ ಜಾಗದಲ್ಲಿ ಬರಿಗಾಲಲ್ಲಿ ಓಡಾಡಲು ಬಿಡಬೇಡಿ. ಕೊಕ್ಕೆಹುಳದ ಮರಿ ನಮ್ಮ ಚರ್ಮದೊಳಗೂ ನುಗ್ಗುತ್ತದೆ. ಕೈ ಸೋಪು ಹಾಕಿ ತೊಳೆಸಿ.

ಲಸಿಕೆ ಆರೆಂಟು ವಾರಕ್ಕೆ ಶುರು, ಮೂರು ನಾಲ್ಕು ವಾರಕ್ಕೊಮ್ಮೆ, ನಾಲ್ಕು ತಿಂಗಳ ತನಕ. ಅಲ್ಲಿಯವರೆಗೆ ಬೀದಿಯ ನೆಲದ ಮೇಲೆ ಬಿಡಬೇಡಿ, ಮರಿಗಳಿಗೆ ರಕ್ತಭೇದಿ ತರಿಸುವ ಪಾರ್ವೊ ವೈರಸ್ ಮಣ್ಣಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ರೇಬೀಸ್ ಲಸಿಕೆ ಮೂರು ತಿಂಗಳಿಗೆ. ಅದಕ್ಕೆ ಮೊದಲು ಮರಿ ಆಟಕ್ಕೆ ಪರಚಿ ರಕ್ತ ಬಂದರೂ ಸೋಪು ನೀರಲ್ಲಿ ಹದಿನೈದು ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ಮಿರ್ಚಿಯ ಹಲ್ಲು ತಾಗಿ ನನ್ನ ಮಗಳಿಗೂ ಇಂಜೆಕ್ಷನ್ ಆಯಿತು. ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡು ತಗೊಳ್ಳಲಿಲ್ಲ. ಮರಿ ಅಲ್ವಾ, ಏನಾಗುತ್ತೆ ಅನ್ನುವ ಮಾತನ್ನು ಯಾರು ಹೇಳಿದರೂ ಕೇಳಬೇಡಿ.

ಇಟ್ಟುಕೊಳ್ಳೋದಾ ಬೇರೆಯವರಿಗೆ ಕೊಡೋದಾ ಅನ್ನೋದನ್ನು ಎರಡು ತಿಂಗಳು ಮುಂದಕ್ಕೆ ಹಾಕಿ. ಈಗ ಅದು ರೋಗಿ, ಅಷ್ಟೇ. ಮುಧೋಳ ಆಗಿದ್ದರೆ ಇಟ್ಟುಕೊಳ್ತೀವಿ ಅಂತ ಬರೆದಿದ್ದೀರಲ್ಲ, ಆ ಸಾಲನ್ನು ನೀವೇ ಇನ್ನೊಮ್ಮೆ ಓದಿ. ನಮ್ಮ ಬೀದಿ ನಾಯಿ ಯಾವುದೋ ತಳಿ ಕೆಟ್ಟು ಆದದ್ದಲ್ಲ. ಈ ನೆಲದಲ್ಲಿ ಸಾವಿರಾರು ವರ್ಷದಿಂದ ಬದುಕಿ ಬಂದ ನಾಯಿ ಅದು. ಮಿರ್ಚಿಗೆ ಈಗ ಏಳು ವರ್ಷ, ಹದಿನೇಳು ಕೆಜಿ. ಒಂದು ಕಿವಿ ನೆಟ್ಟಗೆ, ಒಂದು ಮಡಚಿಕೊಂಡು. ನಾನು ಮಷಿನ್ ತುಳಿಯುವಾಗ ಪೆಡಲ್ ಪಕ್ಕದಲ್ಲೇ ಮಲಗುತ್ತಾನೆ. ತಿಂಗಳಿಗೊಮ್ಮೆ ಅವನ ತುಟಿ ಎತ್ತಿ ನೋಡುತ್ತೇನೆ, ಅವನೇ ಬಂದು ಮುಖ ಕೊಡುವಷ್ಟು ರೂಢಿಯಾಗಿದೆ.

ಈಗ ನೀವು ಎದ್ದು ಹೋಗಿ. ಮರಿಯನ್ನು ಕಿಟಕಿ ಬೆಳಕಿಗೆ ತನ್ನಿ. ಮೇಲಿನ ತುಟಿಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಎತ್ತಿ. ಒಸಡು ಗುಲಾಬಿ ಇದ್ದರೆ ಬೆರಳಿಂದ ಒತ್ತಿ ಬಿಡಿ, ಬಿಳಿಯಾದ ಜಾಗಕ್ಕೆ ಎರಡು ಸೆಕೆಂಡಿನೊಳಗೆ ಬಣ್ಣ ವಾಪಸ್ ಬರಬೇಕು. ಬಂದರೆ ನಾಳೆ ಬೆಳಿಗ್ಗೆ ಡಾಕ್ಟರ್ ಹತ್ತಿರ ಹೋದರೆ ಸಾಕು. ಬರದಿದ್ದರೆ, ಇಲ್ಲವೇ ಒಸಡು ಬಿಳಿಚಿಕೊಂಡಿದ್ದರೆ ಈಗಲೇ ಹೊರಡಿ, ಮಲ ಕಪ್ಪಗಿತ್ತಾ ಅಂತ ನೋಡಿಕೊಂಡು ಹೋಗಿ ಹೇಳಿ. ನೋಡಿದ ಮೇಲೆ ಬಣ್ಣ ಹೇಗಿತ್ತು ಅಂತ ನನಗೊಂದು ಮಾತು ಬರೀರಿ, ಎಷ್ಟು ಹೊತ್ತಾದರೂ ಪರವಾಗಿಲ್ಲ.