ಮಾತು ತಡವಾದರೆ ಬುದ್ಧಿ ಕಡಿಮೆಯೇ?

ಪ್ರಶ್ನೆ: ನನ್ನ ಮಗನಿಗೆ 19 ತಿಂಗಳು ತುಂಬಿದೆ. ಇನ್ನೂ ಏಳೆಂಟು ಪದಗಳನ್ನಷ್ಟೇ ಆಡುತ್ತಾನೆ. ನಾವು ಹೇಳಿದ್ದು ಮಾತ್ರ ಅವನಿಗೆ ಚೆನ್ನಾಗಿ ತಿಳಿಯುತ್ತದೆ. ಮಾತು ತಡವಾದರೆ ಬುದ್ಧಿಯೂ ಮಂದ ಎಂದು ನೆಂಟರು ಹೇಳುವುದನ್ನು ಕೇಳಿ ಕಳವಳವಾಗಿದೆ. ಮಾತು ಕಲಿಸುವ ವಿಡಿಯೊ ತೋರಿಸಬಹುದೆ? ವೈದ್ಯರ ಬಳಿ ಹೋಗಬೇಕೆ, ಇನ್ನಷ್ಟು ಕಾಯಬೇಕೆ?

ಉತ್ತರ: ಹೇಳಿದ್ದು ಅವನಿಗೆ ತಿಳಿಯುತ್ತದೆ ಎಂದು ನೀವು ನಡುವೆ ಬರೆದಿರುವ ಮಾತೇ ನಿಮ್ಮ ಪತ್ರದಲ್ಲಿ ನನಗೆ ಬಹಳ ಮುಖ್ಯವಾಗಿ ಕಂಡಿತು. ಮೊದಲ ಪದ ಯಾವಾಗ ಬಂತು ಎಂಬುದರಿಂದ ಮಗುವಿನ ಬುದ್ಧಿಶಕ್ತಿಯನ್ನು ಅಳೆಯಲು ಬರುವುದಿಲ್ಲ. ಸಾಮಾನ್ಯವಾಗಿ ಮಕ್ಕಳಿಗೆ ಅರ್ಥವಾಗುವ ಪದಗಳು ಅವರು ಆಡುವ ಪದಗಳಿಗಿಂತ ಎಷ್ಟೋ ಹೆಚ್ಚಿರುತ್ತವೆ. ಚೆಂಡು ಮಂಚದಡಿಗೆ ಉರುಳಿದಾಗ ಅವನು ಅತ್ತ ಬೆರಳು ತೋರಿಸಿ, ಒಡನೆಯೇ ತಿರುಗಿ ನಿಮ್ಮ ಮುಖವನ್ನು ನೋಡುತ್ತಾನೆಯೇ ಎಂದು ಗಮನಿಸಿ. ತಾನು ಕಂಡದ್ದನ್ನು ನೀವೂ ಕಾಣಬೇಕೆಂಬ ಬಯಕೆ ಆ ನೋಟದಲ್ಲಿದೆ. ಆ ಗಳಿಗೆಯಲ್ಲಿ ನೀವು ‘ಚೆಂಡು’ ಎಂದರೆ ಪದ ತಾನು ಸೇರಬೇಕಾದ ವಸ್ತುವನ್ನು ಸೇರುತ್ತದೆ.

ಮಗುವಿನ ಬಾಯಿಂದ ಮಾತು ಹೊರಡುವುದಕ್ಕೆ ಬಹಳ ಮೊದಲೇ ಕಲಿಕೆ ನಡೆದಿರುತ್ತದೆ. ಇಂಗ್ಲಿಷ್ ಕೇಳಿ ಬೆಳೆಯುತ್ತಿದ್ದ 6ರಿಂದ 8 ತಿಂಗಳ ಶಿಶುಗಳು ಹಿಂದಿಯ ತಕಾರ, ಟಕಾರಗಳನ್ನು ಬೇರೆಬೇರೆಯಾಗಿ ಗುರುತಿಸುತ್ತವೆ, ಆದರೆ 10ರಿಂದ 12 ತಿಂಗಳ ಹೊತ್ತಿಗೆ ಬಹುಮಟ್ಟಿಗೆ ಆ ಶಕ್ತಿಯನ್ನು ಕಳೆದುಕೊಳ್ಳುತ್ತವೆ ಎಂದು ಮನೋವಿಜ್ಞಾನಿಗಳಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ತೋರಿಸಿದರು. ನಾವು ‘ಮುತ್ತು’, ‘ಮುಟ್ಟು’ಗಳನ್ನು ಬೇರ್ಪಡಿಸುವುದೂ ಇಂಥದೇ ವ್ಯತ್ಯಾಸದಿಂದ. ಒಂದು ಪದವನ್ನೂ ಆಡದ ಮಗು ತನ್ನ ಸುತ್ತಲಿನ ಭಾಷೆಗೆ ಕಿವಿಯನ್ನು ಹದಗೊಳಿಸಿಕೊಂಡಿರುತ್ತದೆ ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿ.

ವಿಡಿಯೊವನ್ನು ನೆಚ್ಚಿಕೊಳ್ಳಬೇಡಿ. ಶಿಶುಗಳ ಭಾಷಾಕಲಿಕೆಯ ಸಂಶೋಧಕಿ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 9 ತಿಂಗಳ ಅಮೆರಿಕನ್ ಶಿಶುಗಳ ಎದುರು ಕುಳಿತು ಚೀನೀ ಭಾಷೆಯಲ್ಲಿ ಆಟವಾಡಿಸಿ, ಓದಿ ಹೇಳಿದಾಗ 12 ಭೇಟಿಗಳಲ್ಲಿ ಅವು ಆ ಭಾಷೆಯ ಧ್ವನಿಭೇದವನ್ನು ಕಲಿತವು. ಅದೇ ಮಾತನ್ನು ಪರದೆಯ ಮೇಲೆ ತೋರಿಸಿದಾಗ ಕಲಿಯಲಿಲ್ಲ. ಪರದೆ ಮಗುವಿನ ಕಣ್ಣು ಹೋದತ್ತ ನೋಡುವುದಿಲ್ಲ, ಅದರ ತೊದಲಿಗೆ ಮರುನುಡಿಯುವುದೂ ಇಲ್ಲ. ನೀವು ಒಂದು ಮಾತು ಆಡಿ, ಅವನ ಸರದಿಗೆಂದು ಸುಮ್ಮನೆ ಕಾಯಿರಿ. ‘ಬೂ’ ಎಂದರೂ ಅದನ್ನು ಉತ್ತರವೆಂದೇ ತೆಗೆದುಕೊಂಡು ಮಾತು ಮುಂದುವರಿಸಿ.

ವೈದ್ಯರ ವಿಷಯದಲ್ಲಿ ಮಾತ್ರ ಕಾಯುವುದು ಬೇಡ. 12 ತಿಂಗಳಾದರೂ ತೊದಲು ಅಥವಾ ಸನ್ನೆ ಇಲ್ಲದಿರುವುದು, 16 ತಿಂಗಳಾದರೂ ಒಂದು ಪದವೂ ಬಾರದಿರುವುದು, 24 ತಿಂಗಳಾದರೂ ಎರಡು ಪದಗಳನ್ನು ತಾನಾಗಿ ಕೂಡಿಸದಿರುವುದು, ಯಾವುದೇ ವಯಸ್ಸಿನಲ್ಲಿ ಬಂದ ಮಾತು ಮರೆಯಾಗುವುದು, ಇವು ತಜ್ಞರನ್ನು ಕಾಣಲೇಬೇಕಾದ ಸೂಚನೆಗಳು. ನಿಮ್ಮ ಮಗನಲ್ಲಿ ಇವು ಇಲ್ಲವೆಂದೇ ಇಟ್ಟುಕೊಂಡರೂ ಕಿವಿಯ ಪರೀಕ್ಷೆಯನ್ನು ಈಗಲೇ ಮಾಡಿಸಿ. ಕರೆದರೆ ತಿರುಗುತ್ತಾನೆ ಎಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ: ಕಿವಿಯೊಳಗೆ ನೀರಿನಂಥ ದ್ರವ ನಿಂತ ಮಗುವಿಗೆ ಗಟ್ಟಿ ದನಿ ಕೇಳಿಸಿ, ಮೆಲ್ಲಗೆ ಆಡಿದ ಮಾತು ಮಸುಕಾಗಿಬಿಡಬಹುದು, ಅದು ಚಿಕಿತ್ಸೆಯಿಂದ ಸರಿಹೋಗುವಂಥದ್ದು.