ಬುಲೆಟ್ ಟ್ಯಾಂಕರ್‌ಗೆ ಹೋಗುವ ಮೊದಲು ಕೇಳಬೇಕಾದ ಸಂಬಳ

ಪ್ರಶ್ನೆ: ಅಣ್ಣಾ, ನಮಸ್ಕಾರ. ಈಗ ಜಲ್ಲಿ ಟಿಪ್ಪರ್ ಓಡಿಸುತ್ತಿದ್ದೇನೆ. ತಿಂಗಳಿಗೆ 24,000 ರೂಪಾಯಿ, ರಾತ್ರಿ ಮನೆಗೆ ಬರುತ್ತೇನೆ. ಮಂಗಳೂರಿನ ಮಾಲೀಕರೊಬ್ಬರು ಗ್ಯಾಸ್ ಬುಲೆಟ್‌ಗೆ (ಅಡುಗೆ ಅನಿಲ ಸಾಗಿಸುವ ಟ್ಯಾಂಕರ್) ಕರೆಯುತ್ತಿದ್ದಾರೆ, ಬೆಂಗಳೂರು ಲೈನ್. ಸಂಬಳ 16,000, ಟ್ರಿಪ್ಪಿಗೆ 2,500 ಬಾಟಾ (ಭತ್ಯೆ), ತಿಂಗಳಿಗೆ ಎಂಟು ಟ್ರಿಪ್ ಆಗುತ್ತದಂತೆ. ಡೀಸೆಲ್ ಉಳಿಸಿದರೆ ಅದರ ದುಡ್ಡೂ ನನಗೇ ಅಂತ ಹೇಳಿದ್ದಾರೆ. ಹೋಗಲೇ?
– ಓದುಗ, ಹಾಸನ

ಉತ್ತರ: ಬುಲೆಟ್ ಕೆಲಸ ಒಳ್ಳೆಯ ಕೆಲಸ. ಅದೇ ಲೈನ್‌ನಲ್ಲಿ ವರ್ಷಗಟ್ಟಲೆ ಓಡಿಸಿದವನಾಗಿ ಹೇಳುತ್ತಿದ್ದೇನೆ. ಆದರೆ ನಿಮಗೆ ಹೇಳಿರುವ ಲೆಕ್ಕ ಹೀಗೇ ಇದ್ದರೆ ಒಪ್ಪಿಕೊಳ್ಳಬೇಡಿ.

ಎಂಟು ಟ್ರಿಪ್ ಆದರೆ 36,000 ನಿಜ. ಆದರೆ ಟ್ರಿಪ್ ಎಷ್ಟಾಗುತ್ತದೆ ಎನ್ನುವುದು ನಿಮ್ಮ ಕೈಯಲ್ಲಿಲ್ಲ. ಲೋಡಿಂಗ್‌ಗೆ ಸಾಲು, ಅನ್‌ಲೋಡಿಂಗ್‌ಗೆ ಸಾಲು, ನಡುವೆ ಪ್ಲಾಂಟಿಗೆ ರಜೆ, ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಕುಸಿದರೆ ಅಲ್ಲೇ ನಿಲ್ಲಬೇಕು. ಐದೇ ಟ್ರಿಪ್ ಆದ ತಿಂಗಳು ಕೈಗೆ ಬರುವುದು 28,500. ದಾರಿಯ ಊಟ-ತಿಂಡಿ ಅದರಲ್ಲೇ ಹೋಗಬೇಕು. ಮನೆಯ ಊಟ ಬಿಟ್ಟು ಹೋದವರಿಗೆ ಟಿಪ್ಪರ್‌ಗಿಂತ ಹೆಚ್ಚೇನು ಉಳಿಯಿತು? ಗ್ಯಾಸ್ ತುಂಬಿದ ಗಾಡಿಯನ್ನು ಎಲ್ಲೋ ನಿಲ್ಲಿಸಿ ಊರು ಸುತ್ತಲು ಆಗುವುದಿಲ್ಲ. ಅದರ ಹತ್ತಿರ ಕೂತ ದಿನವೂ ದುಡಿದ ದಿನವೇ. ಆದ್ದರಿಂದ ಮೊದಲು ಹಾಲ್ಟಿಂಗ್ ಬಾಟಾ, ಅಂದರೆ ಕಾದು ನಿಂತಿದ್ದಕ್ಕೆ ಭತ್ಯೆ ಕೇಳಿ: ಇಷ್ಟು ಗಂಟೆ ದಾಟಿದರೆ ದಿನಕ್ಕೆ ಇಷ್ಟು ಅಂತ. ಅದನ್ನು ಬರೆದೇ ಕೊಡಬೇಕು.

ನನಗೆ ನಿಜಕ್ಕೂ ಭಯ ಹುಟ್ಟಿಸಿದ್ದು ಡೀಸೆಲ್ ಉಳಿಕೆಯ ಮಾತು. ಉಳಿಸಿದ್ದೆಲ್ಲ ಡ್ರೈವರ್‌ಗೆ ಅಂದಾಗ ನಮ್ಮ ಹುಡುಗರು ಮಾಡುವುದೇನೆಂದು ನಿಮಗೂ ಗೊತ್ತು, ಘಾಟಿಯಲ್ಲಿ ನ್ಯೂಟ್ರಲ್ ಮಾಡಿ ಇಳಿಸುತ್ತಾರೆ. ಎಂಜಿನ್ನಿನ ಹಿಡಿತ ತಪ್ಪಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ, ಬ್ರೇಕ್ ಕಾದು ಕೈಕೊಡುತ್ತದೆ. ಅದರಿಂದ ಡೀಸೆಲ್ ಉಳಿಯುವುದೂ ಇಲ್ಲ. ಈಗಿನ ಎಂಜಿನ್‌ಗಳಲ್ಲಿ ಗೇರಿನಲ್ಲೇ ಇಟ್ಟು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಡೀಸೆಲ್ ಹೋಗುವುದೇ ನಿಲ್ಲುತ್ತದೆ, ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಓಡುತ್ತಿರಲು ಡೀಸೆಲ್ ಬೇಕೇ ಬೇಕು. ಮಂಗಳೂರಿನಿಂದ ತುಂಬಿದ ಗಾಡಿ ಘಾಟಿ ಹತ್ತುತ್ತದೆ, ಇಳಿಯುವುದು ಖಾಲಿ ಗಾಡಿ ತಾನೇ ಎನ್ನಬೇಡಿ. ಖಾಲಿ ಬುಲೆಟ್‌ನಲ್ಲೂ ಗ್ಯಾಸಿನ ಆವಿ ಉಳಿದಿರುತ್ತದೆ.

ತುಂಬಿದ ಗಾಡಿಯ ಗುಣ ಬೇರೆ. ದ್ರವವಾಗಿ ತುಂಬಿದ ಗ್ಯಾಸ್ ಹಿಗ್ಗಲು ಜಾಗ ಬೇಕಾದ್ದರಿಂದ ಟ್ಯಾಂಕನ್ನು ಪೂರ್ತಿ ತುಂಬುವುದಿಲ್ಲ. ಒಳಗಿನ ದ್ರವ ತಿರುವಿನಲ್ಲಿ ಹೊರಬದಿಗೆ ತಳ್ಳುತ್ತದೆ. ಜಲ್ಲಿ ಹಾಗೆ ಅಲುಗಾಡುವುದಿಲ್ಲ, ಹಾಗಾಗಿ ಟಿಪ್ಪರ್‌ನಲ್ಲಿ ಕೂತ ಕೈಗೆ ಇದು ಹೊಸದು. 2013ರ ಏಪ್ರಿಲ್‌ನಲ್ಲಿ ಉಪ್ಪಿನಂಗಡಿ ಹತ್ತಿರ ಪೆರ್ನೆಯಲ್ಲಿ ಬುಲೆಟ್ ಮಗುಚಿ ಬೆಂಕಿ ಹೊತ್ತಿದಾಗ ರಸ್ತೆ ಬದಿಯ ಮನೆಗಳವರೂ ಸತ್ತರು. ಆ ರಸ್ತೆಯಲ್ಲಿ ಅವಸರ ಮಾಡಿದಷ್ಟೂ ಲಾಭ ಎನ್ನುವ ಸಂಬಳ ಯಾರಿಗೂ ಬೇಡ.

ಹಾಗಾಗಿ ಸಂಬಳ ಏರಿಸಿ, ಬಾಟಾ ಇಳಿಸಿ ಎಂದು ಕೇಳಿ. 36,000ವನ್ನೇ ಕೊಡುವ ಮನಸ್ಸಿದ್ದರೆ 28,000 ಸಂಬಳ, ಟ್ರಿಪ್ಪಿಗೆ 1,000 ಬಾಟಾ ಮಾಡಲಿ. ಎಂಟು ಟ್ರಿಪ್ಪಿಗೆ ಮಾಲೀಕರಿಗೆ ಒಂದು ರೂಪಾಯಿಯೂ ಹೆಚ್ಚಾಗುವುದಿಲ್ಲ. ನಿಮಗೆ ಮಾತ್ರ ತುಂಬಾ ವ್ಯತ್ಯಾಸ, ಟ್ರಿಪ್ ಕಡಿಮೆಯಾದ ತಿಂಗಳಲ್ಲೂ ಸಂಬಳ ಕೈಗೆ ಬರುತ್ತದೆ. ಪಿಎಫ್ ಲೆಕ್ಕ ಹಿಡಿಯುವುದು ವೇತನದ ಮೇಲೆ, ಅಪಘಾತದ ಪರಿಹಾರಕ್ಕೂ ನೋಡುವುದು ವೇತನವನ್ನೇ, ಕಾನೂನು ಹೇಳುವ ಮಿತಿಯವರೆಗೆ. 2025ರ ನವೆಂಬರ್ 21ರಿಂದ ಜಾರಿಯಾದ ವೇತನ ಸಂಹಿತೆಯ ಪ್ರಕಾರ ಭತ್ಯೆಗಳು ಒಟ್ಟು ಹಣದ ಅರ್ಧ ಮೀರಿದರೆ ಮೀರಿದ್ದನ್ನು ವೇತನಕ್ಕೇ ಸೇರಿಸಬೇಕು. ನಿಮ್ಮ ಲೆಕ್ಕದಲ್ಲಿ ಬಾಟಾ 20,000, ಒಟ್ಟು 36,000ದ ಅರ್ಧ 18,000, ಮೀರಿದ್ದು 2,000, ಹಾಗಾದರೆ ವೇತನ 16,000 ಅಲ್ಲ, 18,000. ಓಟಿಗೆ, ಅಂದರೆ ಹೆಚ್ಚುವರಿ ಗಂಟೆಯ ದುಡಿಮೆಗೆ, ಎರಡು ಪಟ್ಟು ಕೊಡಬೇಕು. ಕೆಲಸ ಬಿಟ್ಟರೆ ಎರಡು ಕೆಲಸದ ದಿನದೊಳಗೆ ವೇತನದ ಲೆಕ್ಕ ತೀರಿಸಬೇಕು. ನೇಮಕಾತಿ ಪತ್ರವನ್ನೂ ಕೇಳಿ ಪಡೆಯಿರಿ, ಅದೂ ಈಗ ಕಾನೂನೇ.

ಇನ್ನೊಂದು, ನಿಮ್ಮ ಹೆವಿ ಲೈಸೆನ್ಸ್ ಒಂದೇ ಸಾಲದು. ಅಪಾಯಕಾರಿ ಸರಕಿನ ಮೂರು ದಿನದ ತರಬೇತಿ ಮುಗಿಸಿ ಆರ್‌ಟಿಒದಲ್ಲಿ ಲೈಸೆನ್ಸಿಗೆ ಎಂಡಾರ್ಸ್‌ಮೆಂಟ್ (ಆ ಸರಕಿನ ಅನುಮತಿಯ ನಮೂದು) ಮಾಡಿಸಬೇಕು. ಅದಿಲ್ಲದೆ ಒಂದೇ ಒಂದು ಟ್ರಿಪ್ ಹೋಗಿ ಬನ್ನಿ ಎಂದರೂ ಹತ್ತಬೇಡಿ. ತರಬೇತಿಯ ಫೀಸ್ ಯಾರದು, ಆ ಮೂರು ದಿನದ ಸಂಬಳ ಯಾರದು ಅಂತ ಮೊದಲ ಮಾತಿನಲ್ಲೇ ಕೇಳಿ. ಅದಕ್ಕೇ ಹಿಂದೆಮುಂದೆ ನೋಡುವ ಮಾಲೀಕರಾದರೆ ಸದ್ಯಕ್ಕೆ ಟಿಪ್ಪರ್ ಬಿಡಬೇಡಿ. ತರಬೇತಿಯನ್ನು ನಿಮ್ಮ ಖರ್ಚಿನಲ್ಲೇ ಮುಗಿಸಿಕೊಂಡು, ಕಾಗದ ಕೈಯಲ್ಲಿಟ್ಟುಕೊಂಡು, ಬೇರೆ ಟ್ರಾನ್ಸ್‌ಪೋರ್ಟ್‌ನವರ ಹತ್ತಿರ ಮಾತಾಡಿ.