ಭೂತಾಯಿ ವಾಪಸ್ ಬಂತು ಅಂತ ನನ್ನ ಮೇಲೆ ಎಗರಬೇಡಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ. ಸಾಗರದವರು ಕೇಳಿದ್ದಾರೆ, ಕೊಪ್ಪದವರು ಕೇಳಿದ್ದಾರೆ, ಹೊಸನಗರದ ಒಬ್ಬರಂತೂ ಎರಡು ಸಲ ಕೇಳಿದ್ದಾರೆ, ಎರಡನೇ ಸಲ ಸ್ವಲ್ಪ ಜೋರಾಗಿ. "ಭೂತಾಯಿ ಮೀನಿನ (ಸಾರ್ಡಿನ್) ಸಂತತಿ ಮುಗಿದೇ ಹೋಯ್ತು ಅಂತ ನಿಮ್ಮಂಥವರು ಬೊಬ್ಬೆ ಹೊಡೆದ್ರಿ. ಈಗ ನೋಡಿದ್ರೆ ಮೀನಿನ ಗಾಡಿಯವರು ರಾಶಿ ಹಾಕ್ಕೊಂಡು ಘಾಟಿ ಹತ್ತಿ ಬರ್ತಿದ್ದಾರೆ. ಆಗ ಹೇಳಿದ್ದು ಸುಳ್ಳಾ, ಈಗ ಕಾಣ್ತಿರೋದು ಸುಳ್ಳಾ?"

ಎರಡೂ ಸುಳ್ಳಲ್ಲ ಮಾರಾಯ್ರೆ.

ಕೇರಳದ ಲೆಕ್ಕ ನೋಡಿ. 2012ರಲ್ಲಿ ಅಲ್ಲಿನ ದಡಕ್ಕೆ ಬಂದ ಭೂತಾಯಿ ಸುಮಾರು 4 ಲಕ್ಷ ಟನ್. 2021ರಲ್ಲಿ 3,297 ಟನ್. ಅಚ್ಚಿನ ತಪ್ಪಲ್ಲ, ಸಾವಿರವೇ. 2023ರಲ್ಲಿ ಮತ್ತೆ 1.38 ಲಕ್ಷ ಟನ್. ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರ ಲೆಕ್ಕ ಇದು. ಮಲ್ಪೆ, ಗಂಗೊಳ್ಳಿಗೆ ಬರುವುದೂ ಇದೇ ಮೀನು.

ಭೂತಾಯಿ ಬದುಕುವುದೇ ಹೆಚ್ಚೆಂದರೆ ಎರಡೂವರೆ ವರ್ಷ. ವರ್ಷ ತುಂಬುವ ಹೊತ್ತಿಗೆ 15 ಸೆಂ.ಮೀ. ಆಸುಪಾಸು ಬೆಳೆದು ಮೊಟ್ಟೆಗೆ ತಯಾರಾಗುತ್ತದೆ. ಮೊಟ್ಟೆ ಇಡುವುದು ಜೂನ್‌ನಿಂದ ಆಗಸ್ಟ್ ಹೊತ್ತಿಗೆ ಜಾಸ್ತಿ. ಆಗ ಮಳೆಗಾಲದ ಗಾಳಿಗೆ ಮೇಲಿನ ನೀರು ಸರಿದು, ಅಡಿಯಲ್ಲಿದ್ದ ತಣ್ಣನೆಯ ಸಾರದ ನೀರು ಮೇಲೆ ಬರುತ್ತದೆ. ಅದರಲ್ಲಿ ಕಣ್ಣಿಗೆ ಕಾಣದ ಪಾಚಿ ಬೆಳೆಯುತ್ತದೆ, ಅದೇ ಭೂತಾಯಿಯ ಊಟ. ಗಾಳಿ ಹದ ತಪ್ಪಿತೋ, ಆ ವರ್ಷದ ಮರಿಗಳು ಉಪವಾಸ. ನಮ್ಮ ಕಡೆಯ ಲೆಕ್ಕದಲ್ಲಿ ಹೇಳುವುದಾದರೆ ಇದು ಅಡಿಕೆ ತೋಟ ಅಲ್ಲ, ಗದ್ದೆ. ಒಂದು ಮಳೆ ಕೈಕೊಟ್ಟರೆ ಅಡಿಕೆ ಮರ ನಿಂತೇ ಇರುತ್ತದೆ, ಗದ್ದೆ ಖಾಲಿ. ಮುಂದಿನ ವರ್ಷ ಮಳೆ ಚೆನ್ನಾಗಿ ಹೊಡೆದರೆ ಅದೇ ಗದ್ದೆಯಲ್ಲಿ ಮೊಣಕಾಲೆತ್ತರ ಪೈರು. 2015ರ ಎಲ್ ನಿನೊ (ಪೆಸಿಫಿಕ್ ಸಮುದ್ರ ಬಿಸಿಯಾಗಿ ಗಾಳಿ-ಮಳೆ ಏರುಪೇರಾಗುವುದು) ಹೊತ್ತಿನಲ್ಲಿ ಮೀನು ಇಳಿಯಿತು, ಆಮೇಲೆ ಸಮುದ್ರ ಒಪ್ಪಿತು, ಏರಿತು. 1940ರ ದಶಕದಲ್ಲೂ ಹೀಗೇ ಕುಸಿದಿತ್ತು. ಮರಿ ಹಿಡಿಯಬೇಡಿ ಅಂತ 1943ರಲ್ಲಿ ಆಗಿನ ಮದ್ರಾಸ್ ಸರ್ಕಾರ ಕಟ್ಟುಪಾಡು ತಂದಿತ್ತು. ಆಗ ಮೀನಿನ ಗುಂಪಿನ ಸುತ್ತ ಬಲೆ ಬಿಟ್ಟು ಬಾಚುವ ಪರ್ಸೀನ್ ಬೋಟು ಎಲ್ಲಿತ್ತು? ನಮ್ಮ ಕರಾವಳಿಗೆ ಅದು ಬಂದದ್ದೇ 1970ರ ದಶಕದಲ್ಲಿ, ಬಂದು ದಡದಿಂದ ಎಳೆಯುವ ರಂಪಣಿ ಬಲೆಯನ್ನು ಮೂಲೆಗೆ ತಳ್ಳಿತು.

ಇಷ್ಟು ಹೇಳಿದ ತಕ್ಷಣ ಇನ್ನೊಂದು ಗುಂಪು ಕುಣಿಯುತ್ತದೆ, "ನೋಡಿ, ಎಲ್ಲಾ ಸಮುದ್ರದ ಆಟ, ಬೋಟಿನವರದ್ದು ಏನೂ ತಪ್ಪಿಲ್ಲ" ಅಂತ. ನನಗೆ ಸಿಟ್ಟು ಬರುವುದು ಇಲ್ಲೇ.

ಕೆರೆಬೇಟೆಗೆ ಹೋಗಿದ್ದೀರಲ್ವಾ? ಬೇಸಿಗೆಯಲ್ಲಿ ನೀರು ಇಳಿದಷ್ಟೂ ಕೂಣಿಗೆ (ಮೀನು ಹಿಡಿಯುವ ಬುಟ್ಟಿ) ಮೀನು ಜಾಸ್ತಿ ಬೀಳುತ್ತದೆ. ಕೆರೆಯಲ್ಲಿ ಮೀನು ಹೆಚ್ಚಾಯಿತು ಅಂತ ಅರ್ಥವಾ? ಉಳಿದದ್ದೆಲ್ಲ ಒಂದೇ ಗುಂಡಿಗೆ ಸೇರಿದೆ ಅಂತ. ಭೂತಾಯಿ, ಬಂಗುಡೆ ಎಲ್ಲಾ ಗುಂಪುಕಟ್ಟಿ ಓಡಾಡುವ ಮೀನು. ಸಂಖ್ಯೆ ಅರ್ಧಕ್ಕಿಳಿದರೂ ಗುಂಪು ಕಟ್ಟುವುದು ಬಿಡುವುದಿಲ್ಲ. ಬೋಟಿನಲ್ಲಿ ಗುಂಪು ತೋರಿಸುವ ಯಂತ್ರ ಇದೆ, ಒಬ್ಬರಿಗೆ ಸಿಕ್ಕರೆ ವೈರ್‌ಲೆಸ್‌ನಲ್ಲಿ ಇನ್ನೊಬ್ಬರಿಗೆ ಸುದ್ದಿ, ಬಲೆ ಸುತ್ತು ಹಾಕಿದರೆ ಇಡೀ ಗುಂಪು ಒಳಗೆ. ಹಾಗಾಗಿ ಕೊನೆಯವರೆಗೂ ಬೋಟು ತುಂಬುತ್ತಲೇ ಇರುತ್ತದೆ, ಬಂದರಿನಲ್ಲಿ ನಿಂತವರಿಗೆ ಏನೂ ಗೊತ್ತಾಗುವುದಿಲ್ಲ. ಪೆರು ದೇಶದವರು 1970ರಲ್ಲಿ ಇಂಥದ್ದೇ ಒಂದು ಚಿಕ್ಕ ಮೀನನ್ನು 1.2 ಕೋಟಿ ಟನ್‌ಗೂ ಜಾಸ್ತಿ ಬಾಚಿದರು. 1972ರಲ್ಲಿ ಎಲ್ ನಿನೊ ಬಂತು. ಸಮುದ್ರ ಕೈಕೊಟ್ಟ ವರ್ಷ ಬಲೆಯೂ ಬಿಡಲಿಲ್ಲ. ಚೇತರಿಸಿಕೊಳ್ಳಲು ದಶಕಗಳೇ ಬೇಕಾದವು. ನಾನು ಹೇಳುತ್ತಿರುವುದು ಇಷ್ಟೇ: ಬೀಳಿಸುವುದು ಸಮುದ್ರ ಇರಬಹುದು, ಬಿದ್ದವನ ಎದೆ ಮೇಲೆ ಕೂರುವುದು ನಾವು.

ಹೋದ ಭಾನುವಾರ ಗಾಡಿ ಬಂದಾಗ ಮೊಮ್ಮಗಳ ಸ್ಕೇಲ್ ಹಿಡಿದು ಹೋದೆ. ಪೇಪರ್ ಮೇಲೆ ಹನ್ನೆರಡು ಭೂತಾಯಿ ಸಾಲಾಗಿ ಇಟ್ಟು ಮೂತಿಯಿಂದ ಬಾಲದ ತುದಿವರೆಗೆ ಅಳೆದೆ. ದೊಡ್ಡದು 12 ಸೆಂ.ಮೀ., ಚಿಕ್ಕದು 9. "ಸಾರ್, ಅಂಗಿ ಹೊಲಿಸ್ತೀರಾ?" ಅಂದರು ಗಾಡಿಯವರು. ಮನೆಗೆ ತಂದು ಹೊಟ್ಟೆ ಸೀಳಿದರೆ ಒಂದರಲ್ಲೂ ಮೊಟ್ಟೆಯ ಸುಳಿವಿಲ್ಲ, ಬಾಣಲೆಗೆ ಹಾಕಿದರೆ ಎಣ್ಣೆಯೂ ಬಿಡಲಿಲ್ಲ. ಚಿಕ್ಕದೆಲ್ಲ ಮರಿಯೇ ಅಂತ ಹೇಳಲಾರೆ. 2024ರಲ್ಲಿ ಮರಿಗಳು ವಿಪರೀತ ಉಳಿದು, ತಿನ್ನುವ ಬಾಯಿ ಜಾಸ್ತಿಯಾಗಿ, ಮೀನು ಬೆಳೆಯದೆ ಕುಳ್ಳಾಗಿಯೇ ನಿಂತಿತ್ತು. ಆದರೂ 10 ಸೆಂ.ಮೀ.ಗಿಂತ ಚಿಕ್ಕದನ್ನು ಹಿಡಿಯಬಾರದು ಅಂತ ಕೇರಳ 2015ರಲ್ಲೇ ಕಾನೂನು ಮಾಡಿದ್ದು ಸುಮ್ನೆ ಅಲ್ಲ. ತಿನ್ನುವವರು ಸಿಗದಿದ್ದರೂ ಮರಿಗೆ ಗಿರಾಕಿ ಇದ್ದಾರೆ, ಫಿಶ್ ಮೀಲ್ ಕಾರ್ಖಾನೆಯವರು. ನಾಲ್ಕೈದು ಕೆಜಿ ಹಸಿ ಮೀನು ಬೇಯಿಸಿ ಒಣಗಿಸಿದರೆ ಒಂದು ಕೆಜಿ ಪುಡಿ, ಅದು ಸಿಗಡಿ ಕೆರೆಗೆ, ಕೋಳಿ ಫಾರಂಗೆ. ನಾನಂತೂ ನನ್ನ ತೋರುಬೆರಳಿಗಿಂತ ಗಿಡ್ಡ ಇದ್ದರೆ ಕೊಳ್ಳುವುದಿಲ್ಲ. ಮನೆಯಲ್ಲಿ ಇದಕ್ಕೆ ಬೈಸಿಕೊಂಡಿದ್ದೇನೆ.

"ಮಳೆಗಾಲದಲ್ಲಿ ನಿಷೇಧ ಇದೆಯಲ್ಲ, ಸಾಲದಾ?" ಜೂನ್ 1ರಿಂದ ಜುಲೈ 31, 61 ದಿನ. ಆಗಸ್ಟ್‌ನಲ್ಲಿ ಮೊಟ್ಟೆ ಇಡುವುದಕ್ಕೆ, ಆಮೇಲೆ ಮರಿ ಬೆಳೆಯುವುದಕ್ಕೆ ಅದರಲ್ಲಿ ಜಾಗ ಇಲ್ಲ. ಅಷ್ಟಕ್ಕೂ ಮೊದಲ ಮಳೆಗೆ ನಾವು 'ಹತ್ತುಮೀನು' ಅನ್ನುವ, ಹಳ್ಳ ಹತ್ತಿ ಬರುವ ಮೀನು ಹೊಟ್ಟೆ ತುಂಬಾ ಮೊಟ್ಟೆ ಹೊತ್ತು ಹಳ್ಳ ಏರುವಾಗ ಟಾರ್ಚ್ ಹಿಡಿದು ಓಡುವ ನಾವು ಕರಾವಳಿಯವರಿಗೆ ಬುದ್ಧಿ ಹೇಳುವ ಮೊದಲು ಸ್ವಲ್ಪ ನಾಚಿಕೊಳ್ಳೋಣ.

ಮೀನು ತಿಂದು ಮೊಸರು ಉಂಡರೆ ತೊನ್ನು ಬರುತ್ತದಾ? ಇಲ್ಲ. ಇನ್ನು ಇದನ್ನು ಕೇಳಬೇಡಿ.

ಸಂತೆಯಲ್ಲಿ ಬಾಟಲಿ ಮೀನೆಣ್ಣೆ ಮಾರುವವರು "ಕುಡಿದರೆ ಸಕ್ಕರೆ ಕಾಯಿಲೆ ಮಾತ್ರೆ ನಿಲ್ಲಿಸಬಹುದು" ಅಂದರಂತೆ. ಮಾತ್ರೆ ನಿಲ್ಲಿಸಿದರೆ ಆಸ್ಪತ್ರೆ ಸೇರುವುದು ನೀವು, ಅವರು ಮುಂದಿನ ವಾರ ಬೇರೆ ಸಂತೆಯಲ್ಲಿರುತ್ತಾರೆ.

ತೋಟದ ಕೆರೆಯಲ್ಲಿ ಭೂತಾಯಿ ಸಾಕಬಹುದಾ? ಆಗುವುದಿಲ್ಲ, ಅದು ಉಪ್ಪುನೀರಿನ ಮೀನು. ಕಾಟ್ಲಾ, ರೋಹು ಬಿಡಿ. ಮೂರನೇ ಸಲ ಕೇಳುತ್ತಿದ್ದೀರಿ ನೀವು.